ಅಕ್ಕನ ಹುಚ್ಚಿಗೆ ತಮ್ಮನ ಗೋಡೆ

ರಜೆ ಮುಗಿಸಿಕೊಂಡು ಬಂದ ಹಲ್ಲಿನ ಡಾಕ್ಟರ್ ಸೋಮವಾರ ಬೆಳಿಗ್ಗೆ ತನ್ನ ಕ್ಲಿನಿಕ್ಕಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವನು, ಬೇರೆ ಯಾರದೋ ಜಾಗಕ್ಕೆ ನುಗ್ಗಿದೆನೇನೋ ಎಂದು ಗಾಬರಿಯಾಗಿ ಹಿಂದೆ ಸರಿದು ಬೋರ್ಡು ನೋಡಿದ. ಬೋರ್ಡಿನ ಮೇಲಿದ್ದುದು ಅವನದೇ ಹೆಸರು. ಆದರೆ ರೋಗಿಗಳು ಕಾಯುವ ಕೋಣೆಯ ತಿಳಿ ಹಳದಿ ಗೋಡೆಗಳು ಶಾಯಿ ಕುಡಿದ ಹಾಗೆ ಕಡುನೀಲಿಯಾಗಿದ್ದವು. ಹಲ್ಲುಜ್ಜುವ ಕ್ರಮ ತೋರಿಸುವ ಪಟ, ಒಸಡಿನ ರೋಗದ ಪಟ ಎರಡೂ ಮಾಯ. ಅವುಗಳ ಜಾಗದಲ್ಲಿ ದೊಡ್ಡ ದೊಡ್ಡ ಚಿತ್ರಗಳು. ಕಿಟಕಿಯ ಪಕ್ಕದಲ್ಲಿ, ಸ್ಟೂಲಿನ ಮೇಲೆ, ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು ಸುತ್ತಿಗೆ ಹಿಡಿದು ಅವನ ಅಕ್ಕ ನಿಂತಿದ್ದಳು.

"ಬಂದ್ಯಾ ಪುಟ್ಟ? ಸ್ವಲ್ಪ ದೂರ ನಿಂತು ನೋಡಿ ಹೇಳು, ಇದು ಸೊಟ್ಟಗಿದೆಯಾ?"

ಪುಟ್ಟನ ಅರ್ಧ ತಲೆ ಬೋಳಾಗಿ ವರ್ಷಗಳೇ ಆಗಿದ್ದವು. ಕೂತಿದ್ದ ಇಬ್ಬರು ರೋಗಿಗಳು ಅವನನ್ನು ಒಮ್ಮೆ, ಅಕ್ಕನನ್ನು ಒಮ್ಮೆ ನೋಡಿ ನಗು ನುಂಗಿಕೊಂಡರು.

"ಅಕ್ಕಾ, ಏನಿದು?"

"ಚಿತ್ರ ಕಣೋ."

"ಚಿತ್ರ ಅಂತ ನನಗೂ ಕಾಣ್ತಿದೆ. ಇಲ್ಲಿ ಯಾಕೆ?"

"ಮತ್ತೆಲ್ಲಿ ಹಾಕ್ಲಿ? ನನ್ನ ಮನೇಲಿ ಗೋಡೆ ಎಲ್ಲಿ ಖಾಲಿ ಇದೆ?"

ಅದೇನೋ ನಿಜ. ಅಕ್ಕ ಭೂಗೋಳದ ಟೀಚರ್ ಆಗಿದ್ದವಳು. ಕೆಲಸದಲ್ಲಿದ್ದಷ್ಟು ಕಾಲ ನಕಾಶೆಗಳ ಮೇಲೆ ಕಡ್ಡಿ ಆಡಿಸಿಕೊಂಡು ತಣ್ಣಗಿದ್ದಳು. ನಿವೃತ್ತಳಾದದ್ದೇ ತಡ, ಅವಳನ್ನು ಹಿಡಿಯುವವರಿಲ್ಲದಂತಾಯಿತು. ಮೊದಲು ಸಿನಿಮಾದ ಹುಚ್ಚು. ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿ ಬಂದು, ಉಣ್ಣುವವರ ಮುಖದ ಮೇಲೆ ಬೆಳಕು ಪಕ್ಕದಿಂದ ಬೀಳಬೇಕೆಂದು ತಮ್ಮನ ಮನೆಯ ಊಟದ ಮೇಜನ್ನು ಕಿಟಕಿಗೆ ಅಡ್ಡ ಎಳೆದು, ಬಾಲ್ಕನಿಗೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟಿದ್ದಳು. ಆಮೇಲೆ ಟೋಪಿಗಳು. ಅವು ತುಂಬಿದ್ದರಿಂದ ಅವಳ ಮನೆಯಲ್ಲಿ ನೆಂಟರು ಕೊಡೆ ನೇತುಹಾಕಲೂ ಜಾಗವಿರಲಿಲ್ಲ. ಆಮೇಲೆ ನಗರದ ಹಳೆಯ ಬಾಲ್ಕನಿಗಳು. ಕಬ್ಬಿಣದ ಕಂಬಿಗಳ ಬಳ್ಳಿ ಕೆಲಸದ ಫೋಟೊ ಅವಳು ತೆಗೆಯುವುದನ್ನು ಕಂಡು, ಆ ಬಾಲ್ಕನಿಯಲ್ಲಿ ಒಳ ಅಂಗಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದವನೊಬ್ಬ ಪೊಲೀಸರನ್ನು ಕರೆಸಿದಾಗ, ಕ್ಲಿನಿಕ್ ಮುಚ್ಚಿಕೊಂಡು ಸ್ಟೇಷನ್ನಿಗೆ ಓಡಿದ್ದು ಈ ತಮ್ಮನೇ.

ಬೇಡ ಅನ್ನಬಹುದಿತ್ತಲ್ಲ ಎಂದು ಹೆಂಡತಿ ಕೇಳುತ್ತಲೇ ಇದ್ದಳು. ಅನ್ನಲಾಗುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಕೊಂಡಾಗ ಅಕ್ಕ ಕಾಲೇಜಿನ ಹುಡುಗಿ, ಇವನು ಇನ್ನೂ ಚಡ್ಡಿ ಹಾಕುತ್ತಿದ್ದವನು. ಇವನಿಗೆ ಉಣ್ಣಿಸಿ, ಓದಿಸಿ, ಡಾಕ್ಟರ್ ಮಾಡಿದ್ದು ಅವಳು. ಅವಳ ಮುಂದೆ 'ಬೇಡ' ಅನ್ನುವ ಮಾತು ಗಂಟಲವರೆಗೆ ಬಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

"ಬೀಗದ ಕೈ ಯಾರು ಕೊಟ್ಟಿದ್ದು?" ಎಂದು ಅವನು ಕೌಂಟರಿನಲ್ಲಿ ಕೂರುವ ಹೆಂಗಸನ್ನು ಕೇಳಿದ.

"ನಾನೇ ಸಾರ್. ನಿಮಗೆ ಗೊತ್ತಿದೆ ಅಂದ್ರು ಅಕ್ಕಾವ್ರು." ಆಕೆ ನೀಲಿ ಗೋಡೆಯನ್ನು ಮೆಚ್ಚುಗೆಯಿಂದ ನೋಡಿದಳು. "ಎಷ್ಟು ತಂಪಾಗಿದೆ ಅಲ್ವಾ ಸಾರ್ ಕಣ್ಣಿಗೆ?"

ಇವನ್ನು ಬರೆದ ಚಿತ್ರಗಾರ, ಅಕ್ಕನಿಗೆ ಬಸ್ ಸ್ಟಾಪಿನಲ್ಲಿ ಸಿಕ್ಕವನು. ಕಟ್ಟಡಗಳ ಹಿಂಭಾಗವನ್ನಷ್ಟೇ ಬರೆಯುವವನು: ಸೋರುವ ಪೈಪುಗಳು, ಒಣಹಾಕಿದ ಬಟ್ಟೆಗಳು, ಅಡುಗೆಮನೆಯ ಹೊಗೆ ಹಿಡಿದ ಕಿಟಕಿಗಳು. "ಮುಂದುಗಡೆ ಎಲ್ಲರೂ ಬಣ್ಣ ಬಳ್ಕೊಂಡು ನಿಂತಿರ್ತಾರೆ ಪುಟ್ಟ. ಊರು ಬದುಕೋದು ಹಿಂದುಗಡೆ," ಎಂದು ಅಕ್ಕ ಹೇಳಿದಾಗ ತಮ್ಮನಿಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು. ತೊಂದರೆ ಎಂದರೆ ಎಲ್ಲಕ್ಕಿಂತ ದೊಡ್ಡ ಚಿತ್ರ. ಕೆಂಪು ಇಟ್ಟಿಗೆಯ ಹಸಿ ಗೋಡೆ, ಅದರಲ್ಲಿ ಸಾಲಾಗಿ ಕಪ್ಪು ಕಿಟಕಿಗಳು. ಹಲ್ಲುನೋವಿನಿಂದ ಬಂದು ಕೂತವರಿಗೆ ಅದು ಕಟ್ಟಡವಾಗಿ ಕಾಣುವುದಾದರೂ ಹೇಗೆ?

"ಡಾಕ್ಟ್ರೇ, ನನ್ನದೂ ಅಷ್ಟೊಂದು ಹಾಳಾಗಿದೆಯಾ?" ಎಂದು ಒಬ್ಬ ಅಜ್ಜಿ ಬೆರಳಿನಿಂದ ಅದನ್ನು ತೋರಿಸಿ ಕೇಳಿದರು.

"ಅದು ಬಿಲ್ಡಿಂಗ್ ಅಜ್ಜಿ."

"ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಪ್ಪ."

ಇದನ್ನೂ ಹಲ್ಲು ಕಚ್ಚಿಕೊಂಡು ಸಹಿಸಬಹುದಿತ್ತು. ಆದರೆ ಬೀದಿಯ ಬೇಕರಿಯ ಗಾಜಿನ ಮೇಲೆ ಅಕ್ಕ ಒಂದು ಕಾಗದ ಅಂಟಿಸಿದಳು: ಚಿತ್ರ ಪ್ರದರ್ಶನ, ಎಲ್ಲರಿಗೂ ಸ್ವಾಗತ, ಹಲ್ಲು ನೋಯುತ್ತಿರಲೇಬೇಕೆಂದಿಲ್ಲ. ಜನ ಬರತೊಡಗಿದರು. ಕಾಲೇಜಿನವರು ಬಂದರು, ಪೇಟೆ ಸುತ್ತಿ ಕಾಲು ನೋಯಿಸಿಕೊಂಡವರು ಬಂದರು, ಬಿಸಿಲಿಗೆ ಬೇಸತ್ತವರು ಬಂದರು. ಎಲ್ಲರೂ ಕುರ್ಚಿಗಳಲ್ಲಿ ಆರಾಮಾಗಿ ಕೂತು, ರೋಗಿಗಳಿಗೆಂದು ಇಟ್ಟ ನೀರು ಕುಡಿದು, ನೆರಳು ಬೆಳಕಿನ ಬಗ್ಗೆ ಮಾತಾಡಿದರು. ಕೆನ್ನೆ ಊದಿಸಿಕೊಂಡ ರೋಗಿಗಳು ಹೊರಗೆ ಮೆಟ್ಟಿಲ ಮೇಲೆ ಕೂತರು.

ಒಂದು ದಿನ ಡಾಕ್ಟರ್ ಒಬ್ಬನ ದವಡೆಯೊಳಗೆ ಕನ್ನಡಿ ಇಳಿಸಿ ಬಗ್ಗಿದ್ದಾಗ ಅಕ್ಕ ಸೀದಾ ಒಳಗೆ ಬಂದಳು. "ಪುಟ್ಟ, ಇವರೆಲ್ಲ ಹೇಗೂ ಅಂಗಾತ ಮಲಗಿರ್ತಾರಲ್ಲ, ಒಂದು ಚಿಕ್ಕ ಚಿತ್ರ ಇಲ್ಲಿ ಮೇಲೆ ಸೀಲಿಂಗಿಗೆ ಹಾಕಿದ್ರೆ ಹೇಗೆ?" ಅವನು ಉತ್ತರ ಕೊಡುವ ಮೊದಲೇ ಮಲಗಿದ್ದವನ ಮುಖಕ್ಕೆ ಮುಖವಿಟ್ಟು, "ನಿಮಗೆ ಏನನ್ಸುತ್ತೆ ಸಾರ್?" ಎಂದಳು. ಅವನು "ಆ ಆ" ಎಂದ. "ನೋಡು, ಅವರೂ ಹೂಂ ಅಂದ್ರು," ಎಂದು ಹೊರಟುಹೋದಳು.

ಮನೆಗೆ ಬಂದು ಅವನು ಹೆಂಡತಿಯ ಮುಂದೆ ಮೈ ಪರಚಿಕೊಂಡ. "ನನ್ನ ಹತ್ರ ಕೂಗಾಡಿದ್ರೆ ಏನು ಬಂತು?" ಎಂದಳು ಅವಳು. "ಹೋಗಿ ಅವರ ಹತ್ರ ಹೇಳಿ." ಹೇಳುತ್ತೇನೆ, ನಾಳೆ ಖಂಡಿತ ಹೇಳುತ್ತೇನೆ ಎಂದುಕೊಂಡು ಅವನು ಮಲಗಿದ.

ಆದರೆ ಆ ನಾಳೆ ಬರುವ ಮೊದಲು ಶನಿವಾರ ಬಂತು. ಅಂದು ಸಂಜೆ ಅವನು ಹಲ್ಲು ತುಂಬುವ ಕೆಲಸವೊಂದನ್ನು ಮುಗಿಸಿ ಹೊರಗಿಣುಕಿದರೆ, ಕಾಯುವ ಕೋಣೆ ಕಿಕ್ಕಿರಿದಿತ್ತು. ರೋಗಿ ಅನ್ನುವವರು ಒಬ್ಬರೂ ಒಳಗಿರಲಿಲ್ಲ. ಅಕ್ಕ ಮಧ್ಯದಲ್ಲಿ ನಿಂತು, ಚಿತ್ರಗಾರನೇ ಬಂದು ತನ್ನ ಕೆಲಸದ ಬಗ್ಗೆ ಮಾತಾಡುತ್ತಾನೆಂದು ಸಾರುತ್ತಿದ್ದಳು. ಅಷ್ಟರಲ್ಲಿ ಚಿತ್ರಗಾರ ಬಂದ. ಬಡಕಲು ಮನುಷ್ಯ. ಎಡಗೆನ್ನೆಯೊಳಗೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಮುಖ ಊದಿತ್ತು. ಬಾಯಿ ತೆರೆಯಲು ನೋಡಿ, ನೋವಿನಿಂದ ಕಣ್ಣು ಮುಚ್ಚಿಕೊಂಡ.

ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಅವನ ತೋಳು ಹಿಡಿದು ತಮ್ಮನ ಮುಂದೆ ನಿಲ್ಲಿಸಿದಳು. "ಪುಟ್ಟ, ಬೇಗ ಇವರ ಬಾಯಿ ಸರಿ ಮಾಡು. ಜನ ಕಾಯ್ತಿದಾರೆ."

ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ಮಾತು ಒಮ್ಮೆಲೇ ಹೊರಗೆ ಬಿತ್ತು.

"ಇದು ನನ್ನ ಕ್ಲಿನಿಕ್ ಅಕ್ಕಾ!" ಅವನ ದನಿ ಅವನಿಗೇ ಗುರುತು ಸಿಗದಷ್ಟು ಏರಿತು. "ನೋವು ಅಂತ ಬಂದೋರು ಬೀದೀಲಿ ಕೂತಿದಾರೆ, ನೋವಿಲ್ಲದೋರು ಇಲ್ಲಿ ಸಭೆ ಮಾಡ್ತಿದಾರೆ! ಒಂದು ದಿನ ಸಿನಿಮಾ, ಒಂದು ದಿನ ಟೋಪಿ, ಒಂದು ದಿನ ಇನ್ನೊಂದು. ನಿನಗೆ ನಿನ್ನದು ಅಂತ ಒಂದು ಬದುಕಿಲ್ಲ. ಅದಕ್ಕೇ ಕಂಡೋರ ಗೋಡೆ ಹುಡುಕ್ಕೊಂಡು ಬರ್ತೀಯ!"

ಕೌಂಟರಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕ ತಮ್ಮನ ಮುಖವನ್ನು ನೋಡಿದಳು, ಕೈಗಡಿಯಾರ ನೋಡಿಕೊಂಡಳು, ಚೀಲ ಹೆಗಲಿಗೇರಿಸಿ ಹೊರಟುಹೋದಳು. ಬಂದ ಜನವೂ ಒಬ್ಬೊಬ್ಬರಾಗಿ ಜಾರಿಕೊಂಡರು.

ಉಳಿದವನು ಚಿತ್ರಗಾರ ಒಬ್ಬನೇ. ಡಾಕ್ಟರ್ ಅವನನ್ನು ಕುರ್ಚಿಯಲ್ಲಿ ಮಲಗಿಸಿ, ಇಂಜೆಕ್ಷನ್ ಕೊಟ್ಟು, ಕೊನೆಯ ದವಡೆ ಹಲ್ಲಿನ ಬುಡದಲ್ಲಿ ಕಟ್ಟಿದ್ದ ಕೀವು ತೆಗೆದ. ಕೈ ಕೆಲಸ ಮಾಡುತ್ತಿತ್ತು, ತಲೆಯೊಳಗೆ ಮಾತ್ರ ತಾನಾಡಿದ ಮಾತೇ ತಿರುತಿರುಗಿ ಮೊಳಗುತ್ತಿತ್ತು. ನೋವು ಇಳಿದ ಮೇಲೆ ಚಿತ್ರಗಾರ ಮರಗಟ್ಟಿದ ತುಟಿಯಲ್ಲೇ ತೊದಲಿದ.

"ನಾನು ಎರಡೇ ಚಿತ್ರ ಕೊಡ್ತೀನಿ ಅಂದಿದ್ದೆ ಡಾಕ್ಟ್ರೇ."

"ಏನು?"

"ಎರಡೇ. ಅವರು ಟೆಂಪೊ ತಂದು ಎಲ್ಲಾ ಹೇರಿಕೊಂಡು ಬಂದ್ರು. ಗೋಡೆಗೆ ನೀಲಿ ಬೇಡ, ಚಿತ್ರ ಸತ್ತೇ ಹೋಗುತ್ತೆ ಅಂತ ಬಡ್ಕೊಂಡೆ. ಕೇಳ್ಲಿಲ್ಲ. ಮಾತಾಡೋಕೆ ಬರಲ್ಲ, ಹಲ್ಲು ನೋಯ್ತಿದೆ ಅಂದೆ. 'ನನ್ನ ತಮ್ಮ ಇದಾನೆ, ಬನ್ನಿ' ಅಂದ್ರು."

ಡಾಕ್ಟರ್ ಕೈಗವಸು ಕಳಚುತ್ತ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಇಬ್ಬರೂ ಮುಖ ಮುಖ ನೋಡಿಕೊಂಡರು, ಒಂದೇ ಬಿರುಗಾಳಿಗೆ ಸಿಕ್ಕಿ ಒಂದೇ ಮರದಡಿ ನಿಂತವರ ಹಾಗೆ.

"ಆದ್ರೆ ಒಂದು ಮಾತು," ಎಂದ ಚಿತ್ರಗಾರ ಎದ್ದು ಹೊರಡುವಾಗ. "ಇಷ್ಟು ವರ್ಷದಲ್ಲಿ ನನ್ನ ಚಿತ್ರದ ಮುಂದೆ ಯಾರೂ ಇಷ್ಟು ಹೊತ್ತು ನಿಂತಿರಲಿಲ್ಲ."

ಆಮೇಲೆ ಅಕ್ಕನ ಸುಳಿವಿಲ್ಲ. ಫೋನೂ ಇಲ್ಲ. ಡಾಕ್ಟರಿಗೆ ಊಟ ರುಚಿಸಲಿಲ್ಲ. ರೋಗಿಗಳ ಹಲ್ಲಿನ ಸಂದಿಯಲ್ಲೂ ಅಕ್ಕನ ಮುಖವೇ. ಅಷ್ಟು ಜನರ ಮುಂದೆ, ಬದುಕಿಲ್ಲ ಎಂದುಬಿಟ್ಟೆನಲ್ಲ. ಯಾರ ಬದುಕನ್ನು ತಿಂದು ತಾನು ದೊಡ್ಡವನಾದದ್ದು? ಕ್ಷಮೆ ಕೇಳುವ ಮಾತನ್ನು ಸ್ನಾನ ಮಾಡುತ್ತ ಹೇಳಿಕೊಂಡ, ಕಾರಿನಲ್ಲಿ ಹೇಳಿಕೊಂಡ. ಕಡೆಗೆ ವಾರ ಕಳೆದು ಬಂದ ಭಾನುವಾರ ಹೆಂಡತಿಯೇ ಒಂದು ಚೀಲದಲ್ಲಿ ಹಣ್ಣು ತುಂಬಿ ಕೈಗಿಟ್ಟು ಬಾಗಿಲಿಂದಾಚೆ ತಳ್ಳಿದಳು.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೊಲಿಗೆ ಮಿಷಿನ್ ಗರಗರ ಎನ್ನುತ್ತಿತ್ತು. ನೆಲದ ತುಂಬ ಬಟ್ಟೆ. ಅದೇ ಕಟ್ಟಡದ ಇಬ್ಬರು ಮುದುಕಿಯರು ಅಳತೆ ಪಟ್ಟಿ ಕುತ್ತಿಗೆಗೆ ಹಾಕಿಕೊಂಡು ಗಿಣಿಹಸಿರು ಬಣ್ಣದ ಉಣ್ಣೆ ಬಟ್ಟೆಯೊಂದನ್ನು ಆ ತುದಿ ಈ ತುದಿ ಹಿಡಿದು ಎಳೆದಾಡುತ್ತಿದ್ದರು.

"ಬಂದ್ಯಾ? ಒಳ್ಳೇ ಹೊತ್ತಿಗೆ ಬಂದೆ," ಎಂದಳು ಅಕ್ಕ, ತಲೆಯೆತ್ತದೆ. "ವಯಸ್ಸಾದೋರಿಗೆ ಅಂತ ಅಂಗಡೀಲಿ ಮಾರೋ ಕೋಟು ನೋಡಿದೀಯಾ? ಎಲ್ಲಾ ಬೂದಿ ಬಣ್ಣ. ನಾವೇನು ಒಲೆ ಒಳಗಿಂದ ಬಂದಿದೀವಾ? ಕೈ ಚಾಚಿ ನಿಲ್ಲು."

"ಅಕ್ಕಾ, ಮೊದಲು ನನ್ನ ಮಾತು ಕೇಳು. ಅವತ್ತು ನಾನು ಹಾಗೆ ಅನ್ನಬಾರದಿತ್ತು."

"ಯಾವತ್ತು?"

ಅವನು ಹಣ್ಣಿನ ಚೀಲ ಹಿಡಿದುಕೊಂಡೇ ಬೆಪ್ಪಾಗಿ ನಿಂತ. "ಶನಿವಾರ. ಕ್ಲಿನಿಕ್ಕಲ್ಲಿ. ಎಲ್ಲರ ಮುಂದೆ."

"ಓ, ಅದಾ!" ಅಕ್ಕ ದಾರ ಕಚ್ಚಿ ಕತ್ತರಿಸಿದಳು. "ನೀನು ಚಿಕ್ಕವನಿದ್ದಾಗಿಂದ ಹಾಗೇ ಅಲ್ವೇನೋ. ಅಪರೂಪಕ್ಕೆ ಒಂದ್ಸಲ ಕೂಗ್ತೀಯ, ಆಮೇಲೆ ಮುಖ ಸಣ್ಣದು ಮಾಡ್ಕೊಂಡು ಬರ್ತೀಯ. ನನಗೆ ಅವತ್ತು ಬಟ್ಟೆ ಅಂಗಡಿ ಮುಚ್ಚೋ ಹೊತ್ತಾಗಿತ್ತು, ಅದಕ್ಕೇ ಓಡಿದೆ."

ಇಷ್ಟು ದಿನ ತಾನು ಅನ್ನ ಬಿಟ್ಟು ಕೊರಗಿದ್ದು ನೆನಪಾಗಿ ಅವನಿಗೆ ಪಿತ್ತ ನೆತ್ತಿಗೇರಿತು. ಸಮಾಧಾನವೂ ಆಯಿತು. ಎರಡೂ ಒಟ್ಟಿಗೇ ಆದದ್ದರಿಂದ ಹಣ್ಣಿನ ಚೀಲ ಕೆಳಗಿಟ್ಟು ಕೈ ಚಾಚಿ ನಿಂತ.

ಅಕ್ಕ ಹಸಿರು ಬಟ್ಟೆಯನ್ನು ಅವನ ಹೆಗಲಿಗೆ ಹೊದಿಸಿ ಗುಂಡುಸೂಜಿ ಚುಚ್ಚತೊಡಗಿದಳು. ಹೆಗಲ ಹೊಲಿಗೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು.

"ಆದ್ರೆ ಬದುಕಿಲ್ಲ ಅಂದೆಯಲ್ಲ, ಅದು ಶುದ್ಧ ಸುಳ್ಳು," ಎಂದಳು. ದನಿ ಮೆತ್ತಗಿತ್ತು. "ನನಗೆ ಹೊತ್ತೇ ಸಾಲ್ತಿಲ್ಲ ಪುಟ್ಟ."

ಅವನು ಅವಳ ಬೆರಳುಗಳನ್ನೇ ನೋಡುತ್ತ ತಲೆಯಾಡಿಸಿದ. ಆಮೇಲೆ ಕೇಳಿದ, "ಹಾಗಾದ್ರೆ ಆ ಚಿತ್ರಗಳು?"

"ಅವು ಅಲ್ಲೇ ಇರ್ಲಿ ಬಿಡು. ಈ ಕೋಟುಗಳನ್ನ ತೂಗುಹಾಕೋಕೆ ಬೇರೆ ಜಾಗ ನೋಡ್ಕೋಬೇಕು ಈಗ." ಅಕ್ಕ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನಿನ್ನ ಕ್ಲಿನಿಕ್ ಪಕ್ಕದ ಮಳಿಗೆ ಖಾಲಿ ಇದೆಯಂತಲ್ಲ? ಅದರ ಓನರ್ ನಿನ್ನ ಪೇಷೆಂಟ್ ತಾನೇ?"

"ಅಕ್ಕಾ..."

"ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ," ಎಂದು ಹೇಳಿ ಅವಳು ಗುಂಡಿ ಹುಡುಕಲು ಒಳಗೆ ಹೋದಳು. ಮುದುಕಿಯರಲ್ಲಿ ಒಬ್ಬಾಕೆ ಅವನ ಸುತ್ತ ಒಂದು ಸುತ್ತು ಬಂದು, ಈ ಬಣ್ಣ ಇವರಿಗೆ ಒಪ್ಪುತ್ತೆ ಎಂದಳು. ಇನ್ನೊಬ್ಬಾಕೆ ಒಪ್ಪಲ್ಲ ಎಂದಳು. ಅವನು ಕೈ ಚಾಚಿಕೊಂಡೇ ನಿಂತಿದ್ದ.