ಬೀಗ ಅಂದ್ರೆ ಪೊಲೀಸ್ ಕೇಸು

ನಮ್ಮ ಸೋದರಮಾವನಿಗೆ ಹೊಲಿಗೆ ಮಿಷಿನ್ ರಿಪೇರಿ ನೀರು ಕುಡಿದಷ್ಟು ಸಲೀಸು, ಮೊಬೈಲ್ ಮಾತ್ರ ಕಬ್ಬಿಣದ ಕಡಲೆ. ಮಿಷಿನ್ ರಿಪೇರಿಯವರೇ ಸೇರ್ಕೊಂಡು ಪ್ರಶ್ನೆ-ಉತ್ತರ ಹರಟೋ ಒಂದು ವೆಬ್‌ಸೈಟಿಗೆ ನಾನೇ ಅವರನ್ನ ಸೇರಿಸ್ದೆ.

"ಅಳಿಯ, ಪ್ರಶ್ನೆಗಳ ಪಕ್ಕ ಏನೇನೋ ಚಿತ್ರ ಇದಾವಲ್ಲ, ಏನೋ ಅವು?"

ಇಂಥ ಬಾಲ್ ಬಂದ್ರೆ ಸಿಕ್ಸರ್ ಹೊಡೀದೆ ಬಿಡೋಕಾಗುತ್ತಾ?

"ಬೆಂಕಿ ಇದ್ರೆ ಒಳಗೆ ಜಗಳ ಹತ್ಕೊಂಡಿದೆ ಅಂತ ಮಾವ. ಗುಂಡುಸೂಜಿ ಇದ್ರೆ ಚುಚ್ಚಿ ಮಾತಾಡ್ತಾರೆ. ಬೀಗ ಅಂದ್ರೆ ಪೊಲೀಸ್ ಕೇಸು, ಮುಟ್ಟಂಗೇ ಇಲ್ಲ. ಹಸಿರು ಚುಕ್ಕೆ ಇರೋರು ನಿಮ್ಮನ್ನೇ ನೋಡ್ತಿದಾರೆ."

ಅವತ್ತಿಂದ ಮಾವ ತಲೆ ಬಾಚಿ, ಇಸ್ತ್ರಿ ಶರ್ಟ್ ಹಾಕ್ಕೊಂಡೇ ಮೊಬೈಲ್ ತೆಗೀತಿದ್ರು. ಬೆಂಕಿ ಕಂಡಲ್ಲೆಲ್ಲ ನುಗ್ಗಿ, "ದಯವಿಟ್ಟು ಸಮಾಧಾನ, ನಾವೆಲ್ಲ ಒಂದೇ ಎಣ್ಣೆ ಡಬ್ಬಿಯ ಮಕ್ಕಳು" ಅಂತ ಬರೆದು ಬರ್ತಿದ್ರು. ಅಲ್ಲಿದ್ದೋರು ಪಾಪ ಯಾವ ಸೂಜಿ ಬಾಳಿಕೆ ಬರುತ್ತೆ ಅಂತ ಮಾತಾಡ್ತಿದ್ರು ಅಷ್ಟೇ. ನಾನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಬಂತು ನೋಡಿ ಇಂಟರ್ವಲ್ ಟ್ವಿಸ್ಟು. ಮೂಲೆ ಮನೆ ಟೈಲರಮ್ಮನ ಹಳೇ ಮಿಷಿನ್. ನಾಲ್ಕು ಹೊಲಿಗೆ ಹಾಕಿ ಐದನೇದು ನುಂಗುತ್ತೆ. ಮಾವ ಆರು ದಿನ ಗುದ್ದಾಡಿದ್ರು. ಸೂಜಿ ಬದಲಾಯ್ಸಿದ್ರು, ಬಾಬಿನ್ ಬದಲಾಯ್ಸಿದ್ರು, ಬೈಗುಳನೂ ಬದಲಾಯ್ಸಿದ್ರು. ಊಹೂಂ. ಏಳನೇ ದಿನ ಬೆಳಿಗ್ಗೆ ನೋಡ್ತೀನಿ, ಸ್ಟೂಲ್ ಹತ್ತಿ ಅಂಗಡಿ ಬೋರ್ಡಿನ ಸ್ಕ್ರೂ ಬಿಚ್ತಿದಾರೆ!

"ಏನ್ ಮಾವ ಇದು ಕ್ಲೈಮ್ಯಾಕ್ಸ್ ಸೀನು?"

"ಮೂವತ್ತು ವರ್ಷದಲ್ಲಿ ಒಂದು ಮಿಷಿನ್ನೂ ಆಗಲ್ಲ ಅಂತ ವಾಪಸ್ ಕೊಟ್ಟಿಲ್ಲ ಕಣೋ. ಮಧ್ಯಾಹ್ನ ಟೈಲರಮ್ಮ ಬರ್ತಾರೆ, ಆಗಲ್ಲ ಅನ್ಬೇಕು. ಕೈ ಸೋತ ಮೇಲೆ ಬೋರ್ಡ್ ಯಾಕೆ?"

"ವೆಬ್‌ಸೈಟಲ್ಲಿ ನೋಡಿದ್ರಾ?"

"ಇದೇ ಮಿಷಿನ್ನು, ಇದೇ ರೋಗ, ಎಲ್ಲಕ್ಕಿಂತ ಮೇಲೇ ಇದೆ. ಆದ್ರೆ ಗುಂಡುಸೂಜಿನೂ ಇದೆ, ಬೀಗಾನೂ ಇದೆ. ಚುಚ್ಚಿಸ್ಕೊಂಡ್ರೂ ಪರ್ವಾಗಿಲ್ಲ, ಈ ವಯಸ್ಸಲ್ಲಿ ಸ್ಟೇಷನ್ ಮೆಟ್ಟಿಲು ಹತ್ತಲೇನೋ?"

ನನ್ನ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಗಪ್‌ಚಿಪ್. ಇಷ್ಟು ದಿನ ನಾನೇ ಹೀರೋ ಅನ್ಕೊಂಡಿದ್ದೆ. ಈ ಪಿಕ್ಚರಿಗೆ ವಿಲನ್ನೂ ನಾನೇ.

"ಮಾವ, ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡಿ. ಆಮೇಲೆ ಹೇಳ್ತೀನಿ."

ಇಟ್ರು. ಹೇಳ್ದೆ.

"ಗುಂಡುಸೂಜಿ ಅಂದ್ರೆ ಎಲ್ಲರಿಗೂ ಬೇಕಾಗುತ್ತೆ ಅಂತ ಮೇಲೆ ಸಿಕ್ಕಿಸಿಟ್ಟಿರೋದು. ಬೀಗ ಅಂದ್ರೆ ಉತ್ತರ ಸಿಕ್ಕಾಯ್ತು, ಇನ್ನು ಬರೀಬೇಡಿ, ಬರೀ ಓದ್ಕೊಳಿ ಅಂತ. ಬೆಂಕಿ ಅಂದ್ರೆ ಜನ ಮುಗಿಬಿದ್ದು ಮಾತಾಡ್ತಿದಾರೆ ಅಂತ."

"ಹಸಿರು ಚುಕ್ಕೆ?"

"ಈಗ ಆನ್‌ಲೈನಲ್ಲಿದಾರೆ ಅಂತ ಅಷ್ಟೇ. ನಿಮ್ಮ ಇಸ್ತ್ರಿ ಯಾರಿಗೂ ಕಾಣ್ಸಲ್ಲ."

ಮಾವ ಬೀಗ ಇದ್ದಿದ್ದನ್ನ ಒತ್ತಿ ಓದಿದ್ರು. ಸೂಜಿ ಹಿಡಿಯೋ ಕಡ್ಡಿನ ಕೂದಲೆಳೆಯಷ್ಟು ಇಳಿಸಿದ್ರು. ಮಿಷಿನ್ ಒಂದೇ ಒಂದು ಹೊಲಿಗೆ ನುಂಗದೆ ಟಕಟಕ ಓಡ್ತು. ಟೈಲರಮ್ಮ ಬರೋಷ್ಟರಲ್ಲಿ ಸ್ಟೂಲ್ ಮೇಲೆ ನಾನಿದ್ದೆ, ಬೋರ್ಡಿನ ಸ್ಕ್ರೂ ವಾಪಸ್ ಬಿಗಿ ಮಾಡ್ತಾ.

ಸಂಜೆ ಮಾವ ಮೊಬೈಲ್ ನನ್ನ ಮೂಗಿಗೆ ಹಿಡಿದ್ರು. ವೆಬ್‌ಸೈಟಲ್ಲಿ ಅವರದೇ ಹೊಸ ಪ್ರಶ್ನೆ: "ಮಾವನಿಗೇ ಟೋಪಿ ಹಾಕೋ ಅಳಿಯನ್ನ ರಿಪೇರಿ ಮಾಡೋದು ಹೇಗೆ?" ಪಕ್ಕದಲ್ಲಿ ಬೆಂಕಿ ಧಗಧಗ. ನೂರಾ ನಲವತ್ತು ಜನ ಐಡಿಯಾ ಕೊಟ್ಟಿದಾರೆ, ಅರ್ಧಕ್ಕರ್ಧ ಸುತ್ತಿಗೆಯಿಂದಾನೇ ಶುರು.

"ಮಾವ, ಕೈ ಮುಗೀತೀನಿ, ಇದಕ್ಕೆ ಬೀಗ ಹಾಕ್ಸಿ!"

"ಹೆಂಗ್ ಹಾಕ್ಸಲೋ? ಉತ್ತರ ಇನ್ನೂ ಸಿಕ್ಕಿಲ್ವಲ್ಲ."