ಕ್ಷೌರಿಕನ ರಾಸ್ಪ್‌ಬೆರಿ ಗಿಡ

ಅಂಗಡಿ ಮುಚ್ಚಿದ ಮೇಲೂ ಕ್ಷೌರಿಕನ ಕೈ ಸುಮ್ಮನಿರಲಿಲ್ಲ. ಹಿತ್ತಲಿನ ರಾಸ್ಪ್‌ಬೆರಿ ಗಿಡಕ್ಕೆ ತಿಂಗಳಿಗೊಮ್ಮೆ ಕತ್ತರಿ ಆಡಿಸುತ್ತಿದ್ದ. ಗಿಡವೇನೋ ಮದುಮಗನ ಹಾಗೆ ಒಪ್ಪವಾಗಿತ್ತು, ನಾಲ್ಕು ವರ್ಷವಾದರೂ ಒಂದು ಹಣ್ಣಿಲ್ಲ. ನರ್ಸರಿಯವನಿಗೆ ಹಿಡಿಶಾಪ ಹಾಕುತ್ತಿದ್ದ.

ಕಳೆದ ವರ್ಷ ಜಾರಿಬಿದ್ದು ಕೈ ಮುರಿದುಕೊಂಡ. ಅದು ನೆಟ್ಟಗಾಗಲು ವರ್ಷವೇ ಹಿಡಿಯಿತು; ಅಷ್ಟರಲ್ಲಿ ಗಿಡ ಪೊದೆಯಾಗಿ, ಮೈತುಂಬ ಕೆಂಪು ಹಣ್ಣು ಬಿಟ್ಟಿತ್ತು.

"ಹಳೇ ಕಡ್ಡೀಲೇ ಹಣ್ಣು ಬರೋದು, ಅದನ್ನ ಕತ್ತರಿಸಬಾರದು. ಗಿಡ ತಂದ ದಿನವೇ ನರ್ಸರಿಯವನು ನಂಗೆ ಹೇಳಿದ್ದ," ಎಂದಳು ಹೆಂಡತಿ.

"ಮತ್ತೆ ಬಾಯಿ ಬಿಡೋಕೇನಾಗಿತ್ತೇ ನಿಂಗೆ?"

"ಕತ್ತರಿ ಹಿಡಿದಾಗಷ್ಟೇ ನಿಮ್ಮ ಮುಖ ಗೆಲುವಾಗಿರ್ತಿತ್ತು. ಹಣ್ಣು ಅಂಗಡೀಲೂ ಸಿಗುತ್ತಲ್ಲ."

ಅವನು ಒಳಗೆ ಹೋಗಿ ಕತ್ತರಿ, ಬಾಚಣಿಗೆ ತಂದ. ಹೆಂಡತಿ ಗಾಬರಿಯಾಗಿ ಗಿಡಕ್ಕೆ ಅಡ್ಡ ನಿಂತಳು.

"ಗಿಡಕ್ಕಲ್ಲ ಕಣೇ. ಕೂತ್ಕೋ, ನಿನ್ನ ಕೂದಲ ತುದಿ ಸೀಳಿದೆ."