ಮಂಜುಗಾರನ ಕೈಗಳು

ಮಂಜುಗಾರನಿಗೆ ಕೈಗಳಿರಲಿಲ್ಲ. ಇರಲಿಲ್ಲ ಅಂದರೆ ಇದ್ದವು, ಕಾಣುತ್ತಿರಲಿಲ್ಲ. ಅವನು ಉರಿಯುವ ಮನೆಗಳಿಂದ ಕೂಸುಗಳನ್ನು ಎತ್ತಿ ತರುತ್ತಿದ್ದ, ಕಳ್ಳರ ಕೊರಳಪಟ್ಟಿ ಹಿಡಿದು ದೀಪದ ಕಂಬಕ್ಕೆ ನೇತುಹಾಕುತ್ತಿದ್ದ. ಆದರೆ ಮೊದಲ ಸಂಚಿಕೆಯಿಂದ ಇವತ್ತಿನವರೆಗೆ ಅವನ ಮಣಿಕಟ್ಟಿನ ಕೆಳಗೆ ಏನಿದೆ ಅಂತ ಕಂಡವರಿಲ್ಲ. ಅಲ್ಲಿ ಯಾವಾಗಲೂ ಮಂಜು. ಒಂದು ಕಥೆಯಲ್ಲಿ ಅವನು ಮರಳುಗಾಡಿಗೆ ಹೋಗಿದ್ದ. ಅಲ್ಲಿಗೂ ತನ್ನ ಪಾಲಿನ ಎರಡು ಮುಷ್ಟಿ ಮಂಜನ್ನು ಹೊತ್ತುಕೊಂಡೇ ಹೋಗಿದ್ದ.

ಬೇರೆ ಯಾರಾದರೂ ಆಗಿದ್ದರೆ ಇದೇನಪ್ಪಾ ವಿಚಿತ್ರ ಅಂದುಕೊಂಡು ಪುಟ ತಿರುವುತ್ತಿದ್ದರು. ಅಭಿಮಾನಿಗಳು ಅಷ್ಟು ಸುಲಭಕ್ಕೆ ಪುಟ ತಿರುವುವ ಜನವಲ್ಲ. ಆ ಕಾಮಿಕ್ಸಿಗೆ ಒಂದು ಬಳಗವಿತ್ತು. ವಾರಕ್ಕೊಮ್ಮೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಯಾರೂ ಕೇಳದ ಹಳೆ ನಕಾಶೆಗಳ ಬೀರುಗಳ ನಡುವೆ ಸೇರಿ, ಅವರು ಈ ಮಂಜಿನ ಒಳಗುಟ್ಟನ್ನು ಬಗೆಯುತ್ತಿದ್ದರು. ಬಗೆದು ಬಗೆದು ಸಿಕ್ಕಿದ್ದು ಇದು: ಪ್ರೀತಿಸಿದವಳ ಪ್ರಾಣ ಉಳಿಸೋದಕ್ಕೆ ಮಂಜುಗಾರ ತನ್ನ ಕೈಗಳನ್ನು ಸಾವಿನ ಹತ್ತಿರ ಒತ್ತೆ ಇಟ್ಟಿದ್ದಾನೆ. ಕಥೆಯಲ್ಲಿ ಎಲ್ಲೂ ಹಾಗೆ ಬರೆದಿರಲಿಲ್ಲ. ಬರೆಯದೇ ಇರೋದೇ ದೊಡ್ಡ ಸಾಕ್ಷಿ ಅನ್ನುತ್ತಿದ್ದ ಬಳಗದ ಹಿರಿಯ. ಈ ಹಿರಿಯನನ್ನು ಎಲ್ಲರೂ ಪುಟಸಂಖ್ಯೆ ಅಂತಲೇ ಕರೆಯುತ್ತಿದ್ದರು. ನೀರು ಕೊಡಿ ಅಂದರೂ ಮಂಜುಗಾರ ನೀರು ಕುಡಿದ ಪುಟ ಯಾವುದು ಅಂತ ಹೇಳಿಯೇ ಲೋಟ ಕೊಡುವ ಆಸಾಮಿ.

ಹೀಗಾಗಿ ಬಳಗದವರು ಬರೆಯುವ ಅಭಿಮಾನಿ ಚಿತ್ರಗಳಿಗೆ ಒಂದೇ ಒಂದು ಕಟ್ಟಳೆ. ಮಂಜುಗಾರನನ್ನು ಹಾರಿಸಿ, ಕಣ್ಣೀರು ಹಾಕಿಸಿ, ಬೇಕಾದರೆ ಕೊಡೆ ಹಿಡಿಸಿ. ಕೈ ಮಾತ್ರ ಬರೆಯಬೇಡಿ.

ಬಳಗದಲ್ಲಿ ಮಂಜು ಬರೆಯೋದರಲ್ಲಿ ಮಸಿಯನ್ನು ಮೀರಿಸಿದವರಿರಲಿಲ್ಲ. ಮಸಿ ಅನ್ನೋದು ಅವಳಿಗೆ ಅಲ್ಲಿ ಬಿದ್ದ ಹೆಸರು. ಬೆರಳ ಸಂದಿಯಲ್ಲಿ ಸದಾ ಕಪ್ಪು ಕಲೆ ಇರುತ್ತಿತ್ತಲ್ಲ, ಅದಕ್ಕೆ. ಚಿಕ್ಕವಳಿದ್ದಾಗ ಕಿಟಕಿ ಗಾಜಿಗೆ ಕಾಮಿಕ್ಸಿನ ಹಾಳೆ ಒತ್ತಿ, ಮೇಲೆ ಬಿಳಿ ಹಾಳೆ ಇಟ್ಟು ಮಂಜುಗಾರನನ್ನು ತಿದ್ದಿದಳು. ಆಮೇಲೆ ನೋಡಿಕೊಂಡು ಬರೆದಳು. ಆಮೇಲೆ ನೋಡದೆ ಬರೆದಳು. ಬೆಳಗಿನ ಮಂಜು, ಸಿಟ್ಟಿನ ಮಂಜು, ಅತ್ತು ಮುಗಿದ ಮೇಲಿನ ಮಂಜು, ಎಲ್ಲವೂ ಅವಳ ಕುಂಚದ ತುದಿಯಲ್ಲಿದ್ದವು. "ಥೇಟ್ ಗುರುಗಳ ಹಾಗೇ ಇದೆ" ಅಂತ ಬಳಗ ಅನ್ನುತ್ತಿತ್ತು. ಗುರುಗಳು ಅಂದರೆ ಮಂಜುಗಾರನನ್ನು ಹುಟ್ಟಿಸಿದ ಮುದುಕರು. ಅದಕ್ಕಿಂತ ದೊಡ್ಡ ಬಿರುದು ಆ ನೆಲಮಾಳಿಗೆಯಲ್ಲಿ ಇರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಬಳಗ ವರ್ಷಕ್ಕೊಂದು ಪುಸ್ತಕ ಅಚ್ಚು ಹಾಕುತ್ತಿತ್ತು. ಈ ಸಲ ಅದನ್ನು ಬಿಡುಗಡೆ ಮಾಡೋಕೆ ಗುರುಗಳೇ ಬರುತ್ತಾರೆ ಅಂತ ಗೊತ್ತಾಗಿತ್ತು. ಅದರ ಮುಖಪುಟ ತನ್ನದಾಗಬೇಕು, ಗುರುಗಳು ಅದನ್ನು ನೋಡಬೇಕು, ಯಾರಿದು ಅಂತ ಕೇಳಬೇಕು. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಹಾಗೆ, ಅವಳ ಪ್ರಾಣವೆಲ್ಲ ಆ ಒಂದು ಮುಖಪುಟದಲ್ಲಿತ್ತು.

ಹೊಟ್ಟೆಪಾಡಿಗೆ ಅವಳು ಅಕ್ಕನ ಅಂಗಡಿಯಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಚಪ್ಪಲಿ ರಿಪೇರಿಯವನಿಗೂ ಬೀಗದವನಿಗೂ ನಡುವೆ ಸಿಕ್ಕಿಕೊಂಡಂಥ ಅಂಗಡಿ. ಎರಡು ಮೇಜು, ಎರಡು ಬಾಗುದೀಪ, ಗೋಡೆ ತುಂಬ ಬಣ್ಣದ ಶೀಶೆಗಳು. ಬೆಳಗಿನಿಂದ ಸಂಜೆವರೆಗೂ ಮಸಿಯ ಎದುರು ಕೈಗಳು ಬಂದು ಕೂರುತ್ತಿದ್ದವು. ಅವಳು ಉಗುರು ನೋಡುತ್ತಿದ್ದಳು. ಕೈಯನ್ನು ನೋಡುತ್ತಿರಲಿಲ್ಲ.

ಒಂದು ದಿನ ಲಾರಿ ಓಡಿಸುವ ಹೆಂಗಸೊಬ್ಬಳು ಬಂದಳು. ಮಗಳ ಮದುವೆಗೆ ಕೆಂಪು ಬಣ್ಣ ಬೇಕಿತ್ತು ಅವಳಿಗೆ. ಮೇಜಿನ ಮೂಲೆಯಲ್ಲಿ ಮಸಿ ಬರೆದಿಟ್ಟ ಚಿತ್ರ ಕಣ್ಣಿಗೆ ಬಿತ್ತು.

"ಯಾರಮ್ಮ ಇವನು?"

"ಮಂಜುಗಾರ."

"ಕೈ ಎಲ್ಲಿ?"

"ಮಂಜಲ್ಲಿವೆ."

"ಮತ್ತೆ ಸ್ಟೀರಿಂಗ್ ಹೆಂಗೆ ಹಿಡೀತಾನೆ?"

"ಅವನು ಗಾಡಿ ಓಡಿಸಲ್ಲ. ಹಾರ್ತಾನೆ."

"ಹಾರೋನಿಗೂ ಮೂಗು ತುರಿಸತ್ತಲ್ಲ ತಾಯಿ."

ಮಸಿ ಕುಂಚ ಕೆಳಗಿಟ್ಟು, ಪ್ರೀತಿಸಿದವಳು, ಸಾವು, ಒತ್ತೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳುತ್ತಾ ಅವಳ ಕಣ್ಣೇ ಒದ್ದೆಯಾಯಿತು. ಲಾರಿಯವಳು ಪೂರ್ತಿ ಕೇಳಿದಳು.

"ಕಥೆ ಚೆನ್ನಾಗಿದೆ. ಆದ್ರೆ ನಾವು ಇದಕ್ಕೆ 'ಕೈ ಬರೆಯೋಕೆ ಬರಲ್ಲ' ಅಂತೀವಿ."

ಪಕ್ಕದ ಮೇಜಿನಿಂದ ಅಕ್ಕ ನಕ್ಕಳು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ."

ಮಸಿಗೆ ಮೈಯೆಲ್ಲ ಉರಿದುಹೋಯಿತು. ತನಗಲ್ಲ, ಗುರುಗಳಿಗೆ ಅಂದ ಮಾತು ಅಂತ ಅವಳ ಸಿಟ್ಟು. ಗಿರಾಕಿ ಹೋದ ತಕ್ಷಣ ಹಾಳೆ ಎಳೆದುಕೊಂಡು, ಇದೇನು ಮಹಾ ಅಂತ ಒಂದು ಕೈ ಬರೆದಳು. ಶುಂಠಿ ಬೇರು ಬಂತು. ಮತ್ತೊಂದು ಬರೆದಳು. ಅದಕ್ಕೆ ಬೆರಳುಗಳಿದ್ದವು, ಆದರೆ ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಆಚೆ ಈಚೆ ಮುಖ ಮಾಡಿದ್ದವು. ಇಷ್ಟು ವರ್ಷ ಬೆಳೆದೆ ಬೆಳೆದೆ ಅಂದುಕೊಂಡವಳು ಮಣಿಕಟ್ಟಿನವರೆಗೆ ಮಾತ್ರ ಬೆಳೆದಿದ್ದಳು.

ಮಾರನೆಯ ದಿನದಿಂದ ಅವಳು ಕೈ ನೋಡಲು ಶುರು ಮಾಡಿದಳು. ಬಣ್ಣ ಹಚ್ಚಿಸಿಕೊಂಡ ಗಿರಾಕಿ ಅದು ಒಣಗುವವರೆಗೆ ಕೈ ಅಲ್ಲಾಡಿಸುವ ಹಾಗಿಲ್ಲವಲ್ಲ! ಅಂಥ ಮಾದರಿ ಯಾವ ಚಿತ್ರಶಾಲೆಯಲ್ಲಿ ಸಿಗಬೇಕು? ಟೈಪಿಸ್ಟಿನ ಚೂಪು ಬೆರಳು, ದಾದಿಯ ಒಣಗಿದ ಗೆಣ್ಣು, ಹೊಸ ಮದುವಣಗಿತ್ತಿಯ ಸುಮ್ಮನಿರಲಾರದ ಕಿರುಬೆರಳು, ಎಲ್ಲವೂ ಹಾಳೆಗಿಳಿದವು. ಮೊದಮೊದಲು ಕೆಟ್ಟದಾಗಿ, ಆಮೇಲೆ ಅಷ್ಟು ಕೆಟ್ಟದಾಗಿ ಅಲ್ಲ. ತಡವಾಗಿ ಒಣಗುವ ಶೀಶೆಗಳನ್ನೇ ಅವಳು ಮುಂದೆ ತಂದಿಟ್ಟುಕೊಂಡಳು.

"ಏನೇ ಇದು, ನಿನ್ನ ಮೇಜಲ್ಲಿ ಯಾರ ಉಗುರೂ ಒಣಗ್ತಾನೇ ಇಲ್ಲ?" ಅಂದಳು ಅಕ್ಕ.

"ಗಾಳಿ ಇಲ್ಲ ಕಣೇ."

"ಗಾಳಿ ನನ್ನ ಮೇಜಿಗೆ ಮಾತ್ರ ಬರತ್ತಾ? ಗಿರಾಕಿ ಎಲ್ಲ ನೀನು ಬಹಳ ಮುತುವರ್ಜಿಯೋಳು ಅಂತಿದಾರೆ. ಪುಣ್ಯ ಮಾಡಿದೀಯ, ಇರು."

ಮುಖಪುಟದ ಆಯ್ಕೆಯ ದಿನ ಮಸಿ ತನ್ನ ಚಿತ್ರವನ್ನು ನೆಲಮಾಳಿಗೆಯ ಮೇಜಿನ ಮೇಲೆ ಬಿಚ್ಚಿದಳು. ಮಂಜುಗಾರ ಮಾಳಿಗೆಯ ಅಂಚಿನಲ್ಲಿ ನಮಗೆ ಬೆನ್ನು ಕೊಟ್ಟು, ಕತ್ತು ಮಾತ್ರ ಅರೆಬರೆ ತಿರುಗಿಸಿ ಕೂತಿದ್ದ. ಎರಡೂ ತೋಳು ಪಕ್ಕಕ್ಕೆ ಚಾಚಿದ್ದವು. ಒಂದು ಕೈಯಲ್ಲಿ ಅಂಗಿಯಿಂದ ಕಿತ್ತುಬಂದ ಗುಂಡಿ, ಇನ್ನೊಂದರಲ್ಲಿ ದಾರವನ್ನು ಉದ್ದಕ್ಕೆ ಎಳೆದು ಹಿಡಿದ ಸೂಜಿ. ಲೋಕ ಕಾಯುವವನು ತನ್ನ ಗುಂಡಿ ತಾನೇ ಹೊಲಿದುಕೊಳ್ಳುತ್ತಿದ್ದ.

ಬಳಗವೆಲ್ಲ ಬಗ್ಗಿ ನೋಡಿತು. ಒಬ್ಬಳು ಸ್ನಾನದ ಮನೆಯ ಬಾಗಿಲು ತಪ್ಪಿ ತೆರೆದವಳ ಹಾಗೆ ಮುಖ ಆಚೆ ತಿರುಗಿಸಿದಳು.

"ಕೈ," ಅಂದ ಪುಟಸಂಖ್ಯೆ.

"ಹೌದು, ಕೈ."

"ಹನ್ನೊಂದನೇ ಸಂಚಿಕೆ, ಮೂವತ್ತನಾಲ್ಕನೇ ಪುಟ, ಕೆಳಗಿನ ಚೌಕ. 'ನನ್ನ ಕೈ ನನ್ನದಲ್ಲ' ಅಂತಾನೆ."

"ಅದು ಕಳ್ಳನಿಗೆ ಹೊಡೆದ ಮೇಲೆ ಅಂದಿದ್ದಲ್ವಾ?"

"ಮೇಲ್ನೋಟಕ್ಕೆ."

ಅವರು ಕೆಟ್ಟವರಲ್ಲ. ಮೂಲೆಯಲ್ಲಿ ಗುಸುಗುಸು ಮಾತಾಡಿ ದಾರಿಯನ್ನೂ ಹುಡುಕಿದರು. ಪುಟಸಂಖ್ಯೆ ಬಂದು ಮೆಲ್ಲಗೆ, ಮನೆಮಗಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದ: "ನೋಡು ಮಸಿ, ಉಳಿದೋರ ಚಿತ್ರ ನಿನ್ನ ಕಾಲ ಧೂಳಿಗೂ ಸಮ ಇಲ್ಲ. ಆ ಎರಡು ಜಾಗದ ಮೇಲೆ ಸ್ವಲ್ಪ ಮಂಜು ಎಳೆದುಬಿಡು. ಮುಖಪುಟ ನಿನ್ನದೇ. ಗುರುಗಳು ನಿನ್ನ ಚಿತ್ರಾನೇ ಕೈಯಲ್ಲಿ ಹಿಡೀತಾರೆ."

ಮಸಿ ಚಿತ್ರ ಸುತ್ತಿಕೊಂಡು ಮನೆಗೆ ಬಂದಳು. ಬಿಳಿ ಬಣ್ಣ ಕಲಸಿದಳು. ಕುಂಚ ಅದ್ದಿದಳು.

"ಎಳೆದುಬಿಡೇ ಅತ್ಲಾಗೆ," ಅಂದಳು ಅಕ್ಕ, ಬಟ್ಟೆ ಮಡಿಸುತ್ತಾ. "ಗಿರಾಕಿ ಕೇಳಿದ ಬಣ್ಣ ಹಚ್ಚೋದು ತಾನೆ ನಮ್ಮ ಕಸುಬು? ನಿನಗೆ ಹಸಿರು ಚೆನ್ನ ಅನ್ನಿಸಿದ್ರೆ ಅವರ ಕೆಂಪು ನಿಲ್ಲಿಸ್ತೀಯಾ?"

"ಇಲ್ಲ."

"ಮತ್ತೇನು?"

"ಈ ಗೆಣ್ಣು ಬರೋಕೆ ಎಷ್ಟು ಜನರ ಉಗುರು ಹಸಿಯಾಗಿ ಇಟ್ಟಿದೀನಿ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಕಾಯ್ತಾ ಕೂತೋರ ಹತ್ರ ಬೈಸಿಕೊಂಡೋಳು ನಾನು."

ಕುಂಚದ ಮೇಲೆ ಬಿಳಿ ಒಣಗಿ ಗಟ್ಟಿಯಾಯಿತು. ಮಸಿ ಅದನ್ನು ತೊಳೆದಿಟ್ಟಳು.

ಹಾಗಾಗಿ ಮುಖಪುಟ ಇನ್ನೊಬ್ಬರ ಪಾಲಾಯಿತು. ಅದರಲ್ಲಿ ಪೂರಾ ಮಂಜೇ ಇತ್ತು, ಮಂಜುಗಾರನೂ ಕಾಣುತ್ತಿರಲಿಲ್ಲ. ಬಹಳ ಧೈರ್ಯದ ಕಲ್ಪನೆ ಅಂತ ಬಳಗ ಹೊಗಳಿತು. ಮಸಿಯ ಚಿತ್ರವನ್ನು ಪೂರ್ತಿ ಬಿಡಲೂ ಅವರಿಗೆ ಮನಸ್ಸು ಬರಲಿಲ್ಲ. ಬಿಡುಗಡೆಯ ದಿನ ಸಭಾಂಗಣದ ಹಿಂದೆ, ಶೌಚಾಲಯಕ್ಕೆ ಹೋಗುವ ಓಣಿಯಲ್ಲಿ ತೂಗುಹಾಕಿದರು. ಕುರ್ಚಿ ಸಾಲದೆ ಹೋಗಿದ್ದಕ್ಕೆ ಮಸಿ ಹಿಂಬದಿಯ ಬಾಗಿಲಲ್ಲೇ ನಿಂತಿದ್ದಳು.

ಗುರುಗಳು ಬಂದರು. ತೆಳ್ಳಗಿನ ಮುದುಕರು, ಎಲ್ಲರಿಗೂ ಹೆದರಿದಂತೆ ನಗುತ್ತಿದ್ದರು. ವಯಸ್ಸಾದವರು; ಭಾಷಣಕ್ಕೆ ಮೊದಲೇ ಒಮ್ಮೆ ಓಣಿಗೆ ಹೋಗಬೇಕಾಯಿತು. ಹೋದವರು ಬರಲು ಬಹಳ ಹೊತ್ತಾಯಿತು. ಬಂದವರು ನೇರ ವೇದಿಕೆ ಹತ್ತಿ, ಬರೆದು ತಂದ ಭಾಷಣವನ್ನು ಮಡಿಸಿ ಪಕ್ಕಕ್ಕಿಟ್ಟರು.

"ಆಚೆ ಒಂದು ಚಿತ್ರ ನೋಡಿದೆ," ಅಂದರು. "ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಕೈ ಬರೆಯೋಕೆ ಬರ್ತಿರ್ಲಿಲ್ಲ. ಮೊದಲನೇ ಸಂಚಿಕೆ ಅಚ್ಚಿಗೆ ಹೋಗಬೇಕಿತ್ತು, ಕೈ ಕೆಟ್ಟಿತು, ಮೇಲೆ ಮಂಜು ಬಳಿದೆ. ಜನ ಅದನ್ನೇ ಹೊಗಳಿದ್ರು. ಆಮೇಲೆ ಬಿಡೋಕೆ ಧೈರ್ಯ ಬರಲಿಲ್ಲ. ಅಷ್ಟೇ ಅದರ ಕಥೆ."

ಮಸಿ ಬಾಗಿಲಲ್ಲಿ ನೆಟ್ಟಗೆ ನಿಂತಳು. ಈಗ ಇವರೆಲ್ಲ ತಿರುಗಿ ನನ್ನನ್ನು ನೋಡುತ್ತಾರೆ ಅಂದುಕೊಂಡಳು. ಪುಟಸಂಖ್ಯೆ ಎದ್ದು ನಿಂತು ಕೈಮುಗಿದ.

"ಗುರುಗಳೇ, ನಿಮ್ಮ ಅಭಿಪ್ರಾಯದ ಬಗ್ಗೆ ನಮಗೆ ತುಂಬಾ ಗೌರವ ಇದೆ. ಆದರೆ ಕಥೆಯಲ್ಲಿ ಹಾಗಿಲ್ಲ."

"ಕಥೆ ಬರೆದವನು ನಾನಪ್ಪಾ."

"ಬರೆದೋರಿಗೆ ಎಲ್ಲಾ ಗೊತ್ತಿರಬೇಕು ಅಂತೇನಿಲ್ಲ ಗುರುಗಳೇ. ಹನ್ನೊಂದನೇ ಸಂಚಿಕೆ, ಮೂವತ್ತನಾಲ್ಕನೇ ಪುಟ..."

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋದು ಸುಮ್ಮನೆ ಹುಟ್ಟಿದ ಮಾತಲ್ಲ. ಒಬ್ಬರಾದ ಮೇಲೆ ಒಬ್ಬರು ಎದ್ದು ಗುರುಗಳಿಗೆ ಅವರ ಕಥೆಯನ್ನು ತಿಳಿಸಿಕೊಟ್ಟರು. ಮರಳುಗಾಡಿನ ಮಂಜಿನ ಅರ್ಥ ಹೇಳಿದರು. ಗುರುಗಳು ಮೊದಲು ವಾದ ಮಾಡಿದರು, ಆಮೇಲೆ ಹೂಂಗುಟ್ಟಿದರು, ಕೊನೆಗೆ "ಇರಬಹುದು, ನನಗೇ ಹೊಳೆದಿರಲಿಲ್ಲ" ಅಂತ ಒಪ್ಪಿದರು. ಭಾರೀ ಚಪ್ಪಾಳೆ ಬಿತ್ತು. ಚರ್ಚೆ ಇನ್ನಷ್ಟು ರಂಗೇರಿತು. ಈಗ ಅದಕ್ಕೆ ಗುರುಗಳ ಅಗತ್ಯವಿರಲಿಲ್ಲ. ಅವರು ಸದ್ದಿಲ್ಲದೆ ಇಳಿದು ಹಿಂಬಾಗಿಲಿಗೆ ಬಂದರು.

"ಆ ಚಿತ್ರ ಯಾರದಮ್ಮ?"

"ನಂದು."

ಅವರು ಅವಳನ್ನು ಓಣಿಯ ಬೆಂಚಿನ ಹತ್ತಿರ ಕರೆದೊಯ್ದು ಕೂರಿಸಿಕೊಂಡರು. ಇಷ್ಟು ವರ್ಷ ಮಸಿ ಕನಸಿನಲ್ಲಿ ಕಂಡದ್ದು ಇದನ್ನೇ. ಕನಸಿನಲ್ಲಿ ಶೌಚಾಲಯದ ನಲ್ಲಿ ಮಾತ್ರ ತೊಟ್ಟಿಕ್ಕುತ್ತಿರಲಿಲ್ಲ.

"ನೀನೇನಾ ಮಸಿ? ನಿನ್ನ ಹಳೇ ಚಿತ್ರಗಳನ್ನ ಬಳಗದವರು ಕಳಿಸಿದ್ರು," ಅಂದರು ಗುರುಗಳು. "ನನಗೆ ವಯಸ್ಸಾಯ್ತು. ಒಂದು ಪುಟ ಮಂಜು ತುಂಬೋದ್ರಲ್ಲಿ ಸುಸ್ತಾಗಿ ಹೋಗ್ತೀನಿ. ಜೊತೆಗೆ ಬಾ. ಮಂಜೆಲ್ಲ ನೀನೇ ಬರಿ. ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು."

ಮಸಿ ಗೋಡೆಯ ಮೇಲಿನ ಚಿತ್ರದತ್ತ ಬೆರಳು ತೋರಿಸಿದಳು. "ಮತ್ತೆ ಕೈ? ಕೈ ನಾನು ಬರೀಲಾ?"

ಗುರುಗಳು ಸಭಾಂಗಣದ ಕಡೆ ದಿಗಿಲಿನಿಂದ ನೋಡಿದರು. "ಕೈ ಬೇಡಮ್ಮ. ನೋಡಿದೆಯಲ್ಲ, ಹೇಳಿದ್ದಕ್ಕೇ ಹೀಗೆ. ಬರೆದ್ರೆ ಮನೆಗೆ ಕಲ್ಲು ಬೀಳತ್ತೆ."

ಒಳಗಿಂದ ಪುಟಸಂಖ್ಯೆಯ ದನಿ ಏರುತ್ತಿತ್ತು. ಮಸಿ ತನ್ನ ಚಿತ್ರದ ಕಡೆ ನೋಡಿದಳು. ಹೂಂ ಅಂದರೆ ನಾಳೆಯಿಂದಲೇ ಅವಳು ಗುರುಗಳ ಸಹಾಯಕಿ. ಸಾಯುವವರೆಗೂ ಬೆಳಗಿನ ಮಂಜು, ಸಿಟ್ಟಿನ ಮಂಜು.

"ಆಗಲ್ಲ ಗುರುಗಳೇ," ಅಂದಳು. ಹೇಳಿದ ಮೇಲೆ ಅವಳಿಗೇ ಅಳು ಬಂತು. "ತಪ್ಪು ತಿಳೀಬೇಡಿ. ಈ ಕೈ ಬರೆಯೋದು ಈಗಷ್ಟೇ ಬರೋಕೆ ಶುರುವಾಗಿದೆ. ಬಿಟ್ರೆ ಹೋಗಿಬಿಡತ್ತೆ."

ಮುದುಕರಿಗೆ ಬೇಜಾರಾಯಿತು. ಸ್ವಲ್ಪ ಹೊತ್ತು ಚಿತ್ರವನ್ನೇ ದುರುಗುಟ್ಟಿ ನೋಡಿದರು.

"ಹಾಗಾದ್ರೆ ಒಂದು ಮಾತು ಕೇಳ್ತೀಯಾ? ಇವನಿಗೆ ಎರಡೂ ಎಡಗೈ."

"ಏನು?"

"ನಮಗೆ ಬೆನ್ನು ಕೊಟ್ಟು ಕೂತಿದಾನೆ. ಬಲಕ್ಕಿರೋದು ಬಲಗೈ ಆಗಬೇಕು. ಹೆಬ್ಬೆರಳು ನೋಡು, ಯಾವ ಕಡೆ ಇದೆ?"

ಮಸಿ ನೋಡಿದಳು. ತನ್ನ ಕೈ ಎತ್ತಿ ನೋಡಿಕೊಂಡಳು, ಮತ್ತೆ ಚಿತ್ರ ನೋಡಿದಳು. ಮುಖ ಕೆಂಪೇರಿತು. ಗಿರಾಕಿಗಳು ಯಾವತ್ತೂ ಎದುರಿಗೆ ಕೂರುವವರು; ಅವಳ ಬಲಕ್ಕೆ ಬರುವುದು ಅವರ ಎಡಗೈ. ಅದನ್ನೇ ಎತ್ತಿ ಮಂಜುಗಾರನ ಬಲತೋಳಿಗೆ ಅಂಟಿಸಿದ್ದಳು. ಇನ್ನೊಂದಕ್ಕೆ ಮಾದರಿ ಅವಳದೇ ಎಡಗೈ. ಅಕ್ಕ ನೋಡಿದ್ದಳು, ಇಡೀ ಬಳಗ ನೋಡಿತ್ತು. ಕೈ ಇದೆಯಲ್ಲ ಅನ್ನುವ ಗಾಬರಿಯಲ್ಲಿ ಅದು ಯಾವ ಕೈ ಅಂತ ಯಾರೂ ನೋಡಿರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು? ನಿಮಗೆ ಕೈ ಬರಲ್ಲ ಅಂದ್ರಿ."

"ಬರಲ್ಲ ಅಂತಾನೇ ಗೊತ್ತಾಯ್ತು," ಅಂದರು ಗುರುಗಳು, ಅವತ್ತು ಮೊದಲ ಸಲ ಹೆದರದೆ ನಗುತ್ತಾ. "ಇಷ್ಟು ವರ್ಷ ಕಂಡೋರ ಕೈಯನ್ನೆಲ್ಲ ಹೊಟ್ಟೆಕಿಚ್ಚಿನಿಂದ ನೋಡಿದೀನಿ ತಾಯಿ."

ಮಸಿ ಎದ್ದು ಹೋಗಿ ಚಿತ್ರವನ್ನು ಮೊಳೆಯಿಂದ ಇಳಿಸಿದಳು. ತಿರುಗಿಸಿ, ಬೆನ್ನಿನ ಬಿಳಿ ಕಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿಗಲ್ಲ, ಅವರ ಪಕ್ಕಕ್ಕೇ ಕೂತಳು.

"ನಿಮ್ಮ ಬಲಗೈ ಕೊಡಿ. ಸೂಜಿ ಹಿಡಿದ ಹಾಗೆ ಹಿಡೀರಿ."

"ಸ್ವಲ್ಪ ನಡುಗತ್ತೆ."

"ನಡುಗಲಿ, ನಾನು ನೋಡ್ಕೋತೀನಿ."

ಒಳಗೆ ಮತ್ತೊಂದು ಚಪ್ಪಾಳೆ ಬಿತ್ತು. ಗುರುಗಳು ಅತ್ತ ಕತ್ತು ತಿರುಗಿಸಿದರು.

"ಅಲ್ಲಾಡಬೇಡಿ," ಅಂದಳು ಮಸಿ, ಹೆಬ್ಬೆರಳಿನ ಬುಡದಿಂದ ಗೆರೆ ಎಳೆಯುತ್ತಾ.